ಗ್ರಬ್ ಶೆಲ್ಲಿನ ಆಜ್ಞಾಪದಗಳು: ಒಂದು ಅರ್ಥವಿಚಾರ

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಈಗ ತಮ್ಮ ಟಿಪ್ಪಣಿಗಳನ್ನೂ ಪದಸೂಚಿಗಳನ್ನೂ ಓಲೆಯ ಪ್ರತಿಗಳಿಂದ ಎತ್ತಿಕೊಂಡ ಪಾಠಗಳನ್ನೂ ಗಣಕಯಂತ್ರದಲ್ಲಿಯೇ ಕಾಪಾಡಿಕೊಂಡು ಬರುತ್ತಿರುವರು. ಅವರಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಬಳಸುವವರಿಗೆ ಯಂತ್ರವನ್ನು ಚಾಲೂ ಮಾಡಿದೊಡನೆ ಮೊದಲು ಎದುರಾಗುವುದು ಗ್ರಬ್ ಎಂಬ ಕ್ರಮವಿಧಿಯ ಮೆನು. ಎಂದಿನಂತೆ ನಡೆದಾಗ ಅದನ್ನು ಯಾರೂ ಓದುವುದಿಲ್ಲ. ಐದು ಕ್ಷಣ ನಿಂತು ಮರೆಯಾಗುತ್ತದೆ. ಆದರೆ ಒಂದು ದಿನ ಮೆನು ಬಾರದೆ, ಕಪ್ಪು ತೆರೆಯ ಮೇಲೆ ಎರಡು ಮೂರು ಇಂಗ್ಲಿಷ್ ಶಬ್ದಗಳೂ ಮಿನುಗುವ ಒಂದು ಗೆರೆಯೂ ಮಾತ್ರ ಉಳಿದಾಗ, ಆ ಶಬ್ದಗಳ ಅರ್ಥವನ್ನು ಹೇಗೆ ಮಾಡಿಕೊಳ್ಳುತ್ತೇವೆಂಬುದರ ಮೇಲೆ ಹಲವು ವರ್ಷಗಳ ಬರೆಹ ಉಳಿಯುವುದೂ ಅಳಿಯುವುದೂ ನಿಂತಿರುತ್ತದೆ. ಇಲ್ಲಿ ತೊಡಕಿರುವುದು ಬಹುಮಟ್ಟಿಗೆ ಯಂತ್ರದಲ್ಲಲ್ಲ, ಶಬ್ದದಲ್ಲಿ. ಆದ ಕಾರಣ ಶಬ್ದಗಳನ್ನೇ ವೃತ್ತಿಯಾಗಿ ಉಳ್ಳವರ ಮುಂದೆ ಈ ವಿಷಯವನ್ನಿಡುವುದು ಅಪ್ರಕೃತವಾಗಲಾರದು.

ಮೊದಲೇ ಒಂದು ಸೂಚನೆ. ಈ ಲೇಖನದಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಉಚ್ಚಾರಾನುಸಾರವಾಗಿ ಬರೆದಿದೆ. ಯಂತ್ರದಲ್ಲಿ ಅವನ್ನು ರೋಮನ್ ಲಿಪಿಯ ಸಣ್ಣಕ್ಷರಗಳಿಂದಲೇ ಬರೆಯತಕ್ಕದ್ದು. ಗ್ರಬ್ಬಿಗೆ ಬೇರೆ ಆಜ್ಞಾಭಾಷೆ ತಿಳಿಯದು.

'ಬೂಟ್' ಎಂಬ ಶಬ್ದದಿಂದ ಆರಂಭಿಸಬಹುದು. ಮೈಸೂರು ವಿಶ್ವವಿದ್ಯಾನಿಲಯದವರ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂದ 1946ರಲ್ಲಿ ಈ ಶಬ್ದಕ್ಕೆ ಗಣಕದ ಅರ್ಥ ಇನ್ನೂ ಹುಟ್ಟಿರಲಿಲ್ಲ. ಬೂಟಿನ ಹಿಂಬದಿಯಲ್ಲಿ ಅದನ್ನು ಎಳೆದು ತೊಡುವುದಕ್ಕೆಂದು ಇರುವ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದೆಂಬ ಹಾಸ್ಯೋಕ್ತಿಯಿಂದ 1950ರ ದಶಕದ ಯಂತ್ರಜ್ಞರು ಇದನ್ನು ತೆಗೆದುಕೊಂಡರು. ಎಷ್ಟು ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂಬ ನ್ಯಾಯವೊಂದು ನಮ್ಮ ಶಾಸ್ತ್ರಕಾರರಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ಅಸಾಧ್ಯಕ್ಕೆ ಉದಾಹರಣೆಯಾದುದನ್ನು ಇಲ್ಲಿ ಯಂತ್ರವು ದಿನವೂ ಮಾಡಬೇಕಾಗಿದೆ. ಅದು ಹೇಗೆಂದರೆ, ಮೆಟ್ಟಿಲು ಮೆಟ್ಟಿಲಾಗಿ. ಹಳೆಯ ಕ್ರಮದ ಡಿಸ್ಕಿನ ಮೊದಲ ಖಂಡದಲ್ಲಿ 512 ಬೈಟುಗಳಿರುತ್ತವೆ. ಅದರಲ್ಲಿ 64 ಬೈಟುಗಳು ಡಿಸ್ಕನ್ನು ಪಾರ್ಟಿಷನ್ನುಗಳಾಗಿ ಹಂಚಿರುವ ಪಟ್ಟಿಗೂ 2 ಬೈಟುಗಳು ಮುದ್ರೆಗೂ ಹೋಗಿ, ಕ್ರಮವಿಧಿಗೆ ಉಳಿಯುವುದು ಹೆಚ್ಚೆಂದರೆ 446. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ಆ ಲೆಕ್ಕದಲ್ಲಿ ಇಷ್ಟು ಸ್ಥಳದಲ್ಲಿ ಒಂದು ಕಂದಪದ್ಯವನ್ನು ಬರೆದರೆ ಎರಡನೆಯದು ಮುಗಿಯುವ ಮೊದಲೇ ಎಡೆ ತೀರುವುದು. ಇಷ್ಟು ಸಣ್ಣ ತುಣುಕಿಗೆ ಕಡತವೆಂದರೇನು, ಫೋಲ್ಡರೆಂದರೇನು ಎಂಬ ಜ್ಞಾನವೇ ಇಲ್ಲ. ತನಗಿಂತ ಸ್ವಲ್ಪ ದೊಡ್ಡದಾದ 'ಕೋರ್' ಎಂಬ ಇನ್ನೊಂದು ತುಣುಕನ್ನು ಕರೆಯುವುದಷ್ಟೇ ಅದರ ಕೆಲಸ. ಕೋರ್ ಎಂಬುದಕ್ಕೆ ಒಂದೆರಡು ಬಗೆಯ ಕಡತವ್ಯವಸ್ಥೆ ತಿಳಿದಿರುತ್ತದೆ. ಅದು ಡಿಸ್ಕಿನೊಳಗಿಂದ 'ನಾರ್ಮಲ್' ಎಂಬ ಭಾಗವನ್ನು ಹುಡುಕಿ ತಂದಾಗ ಮೆನು ಕಾಣಿಸಿಕೊಳ್ಳುತ್ತದೆ. ಈ ಮೂರು ಮೆಟ್ಟಿಲುಗಳನ್ನು ನೆನಪಿನಲ್ಲಿಟ್ಟರೆ ಮುಂದಿನ ಬಹುಭಾಗ ತಾನಾಗಿ ತಿಳಿಯುವುದು. ಹೊಸ ಯಂತ್ರಗಳಲ್ಲಿ ಯುಇಎಫ್‌ಐ ಎಂಬ ಬೇರೊಂದು ಕ್ರಮವಿದ್ದು, ಅಲ್ಲಿ ಮೊದಲ ಮೆಟ್ಟಿಲನ್ನು ಯಂತ್ರದ ಮೂಲತಂತ್ರಾಂಶವೇ ವಹಿಸಿಕೊಳ್ಳುತ್ತದೆ. ಆದರೆ ಆಜ್ಞಾಪದಗಳು ಅವೇ.

ಗ್ರಬ್ಬನ್ನು 1995ರಲ್ಲಿ ಎರಿಕ್ ಬೋಲೆನ್ ಎಂಬವರು ಬರೆಯಲಾರಂಭಿಸಿದರು. 1999ರಲ್ಲಿ ಅದು ಗ್ನೂ ಯೋಜನೆಗೆ ಸೇರಿತು. ಬಳಿಕ ಇಡಿಯಾಗಿ ಹೊಸದಾಗಿ ಬರೆದುದೇ ಗ್ರಬ್ 2, ಅದರ 2.00 ಆವೃತ್ತಿ 2012ರಲ್ಲಿ ಬಂದಿತು. ಈ ಹಳತು ಹೊಸತುಗಳ ಭೇದದಿಂದ ಹುಟ್ಟಿದ ಪಾಠಾಂತರಗಳ ವಿಷಯವನ್ನು ಮುಂದೆ ಹೇಳಲಾಗುವುದು.

ತೆರೆಯ ಮೇಲೆ ಬರುವ ಮಾತನ್ನು ಅರ್ಥಮಾಡಿಕೊಳ್ಳುವ ಮೊದಲು ಮಾತಾಡುತ್ತಿರುವವರು ಯಾರೆಂಬುದನ್ನು ನಿಶ್ಚಯಿಸಬೇಕು. ನಾಟಕದ ಪ್ರತಿಯಲ್ಲಿ ಪಾತ್ರದ ಹೆಸರು ಅಂಚಿನಲ್ಲಿರುವಂತೆ ಇಲ್ಲಿಯೂ ಸಾಲಿನ ಮೊದಲಿಗೆ ಆ ಹೆಸರು ಇದ್ದೇ ಇರುತ್ತದೆ. ಅವಸರದಲ್ಲಿ ಅದನ್ನು ನಾವು ಓದುವುದಿಲ್ಲ. 'ಗ್ರಬ್ ರೆಸ್ಕ್ಯೂ>' ಎಂದಿದ್ದರೆ ಕೋರ್ ಬಂದಿದೆ, ನಾರ್ಮಲ್ ಸಿಕ್ಕಿಲ್ಲ ಎಂದರ್ಥ. ಬರಿಯ 'ಗ್ರಬ್>' ಎಂದಿದ್ದರೆ ನಾರ್ಮಲ್ ಬಂದಿದೆ, ಆದರೆ ಮೆನುವನ್ನು ಬರೆದಿಟ್ಟ ಕಡತ ಸಿಕ್ಕಿಲ್ಲ. ಇಲ್ಲವೆ ಮೆನುವಿನಲ್ಲಿದ್ದಾಗ ಯಾರೋ 'ಸಿ' ಕೀಲಿಯನ್ನು ಒತ್ತಿ ತಾವಾಗಿಯೇ ಇಲ್ಲಿಗೆ ಬಂದಿರುವರು. ಹಾಗಿದ್ದಲ್ಲಿ ಎಸ್ಕೇಪ್ ಕೀಲಿಯನ್ನೊತ್ತಿದರೆ ಮೆನುವಿಗೆ ಹಿಂದಿರುಗಬಹುದು. '(ಇನಿಟ್‌ರಾಮ್‌ಎಫ್‌ಎಸ್)' ಎಂದು ಕಂಡರೆ ಗ್ರಬ್ಬಿನ ಪಾತ್ರ ಮುಗಿದು ರಂಗದಿಂದ ನಿರ್ಗಮಿಸಿಯಾಗಿದೆ. ಮಾತಾಡುತ್ತಿರುವುದು ಲಿನಕ್ಸಿನ ಆರಂಭಭಾಗ. ಅಲ್ಲಿ ಗ್ರಬ್ಬಿನ ಆಜ್ಞೆಗಳನ್ನು ಬರೆದು ಫಲವಿಲ್ಲವೆಂದು ಬೇಸರಪಡುವವರನ್ನು ಕಂಡಿದ್ದೇನೆ. ಅದು ದುಷ್ಯಂತನ ಪ್ರಶ್ನೆಗೆ ಕಣ್ವನಿಂದ ಉತ್ತರವನ್ನು ನಿರೀಕ್ಷಿಸಿದಂತೆ.

ಇನ್ನು ಶಬ್ದಗಳು. ಪಾಣಿನಿಯ ಶಾಸ್ತ್ರದಲ್ಲಿ 'ಗುಣ' ಎಂದರೆ ಸದ್ಗುಣವಲ್ಲ, ಅ ಏ ಓ ಎಂಬ ಸ್ವರಗಳಿಗೆ ಇಟ್ಟ ಸಂಜ್ಞೆ ಎಂಬುದು ವಿದ್ಯಾರ್ಥಿಗಳಿಗೂ ತಿಳಿದ ಮಾತು. ಗ್ರಬ್ಬಿನ ಶಬ್ದಗಳೂ ಸಂಜ್ಞೆಗಳೇ. ಲೋಕರೂಢಿಯ ಅರ್ಥವನ್ನು ಹೊತ್ತುಕೊಂಡು ಹೋದರೆ ಎಡವುತ್ತೇವೆ. 'ಪ್ರಿಫಿಕ್ಸ್' ಎಂಬುದು ವ್ಯಾಕರಣದ ಉಪಸರ್ಗವಲ್ಲ. ಗ್ರಬ್ ತನ್ನ ಸಾಮಗ್ರಿಯನ್ನು ಇಟ್ಟುಕೊಂಡಿರುವ ಫೋಲ್ಡರಿನ ವಿಳಾಸ. 'ನಾರ್ಮಲ್' ಎಂಬುದು ಎಲ್ಲವೂ ಕ್ಷೇಮವೆಂಬ ವರದಿಯಲ್ಲ. ಒಂದು ಭಾಗದ ಹೆಸರು, ಅದನ್ನು ನಡೆಸುವ ಆಜ್ಞೆಯ ಹೆಸರು ಸಹ. 'ಲಿನಕ್ಸ್' ಎಂಬುದು ಇಲ್ಲಿ ಕ್ರಿಯಾಪದ: ಮುಂದೆ ಹೇಳಿದ ಕಡತವನ್ನು ಲಿನಕ್ಸಿನ ತಿರುಳೆಂದು ತಿಳಿದು ಸ್ಮೃತಿಗೆ ತಾ, ಎಂದದರ ಅರ್ಥ. 'ಬೂಟ್' ಎಂಬುದು ತರುವುದಿಲ್ಲ, ತಂದುದನ್ನು ಹೊರಡಿಸುತ್ತದೆ. ಮೊದಲು ಏನನ್ನೂ ತರದೆ ಬೂಟ್ ಎಂದರೆ, ತಿರುಳನ್ನು ಮೊದಲು ತರಬೇಕೆಂದು ಗ್ರಬ್ ಆಕ್ಷೇಪಿಸುತ್ತದೆ. ಲಿನಕ್ಸ್ ಸಾಲಿನ ಕೊನೆಯಲ್ಲಿ ಬರುವ 'ಆರ್‌ಓ' ಎಂಬ ಎರಡಕ್ಷರವನ್ನು ಕಂಡು, ತಮ್ಮ ಕಡತಗಳು ಇನ್ನು ಓದುವುದಕ್ಕೆ ಮಾತ್ರ, ತಿದ್ದುವುದಕ್ಕಿಲ್ಲ ಎಂದು ಕಳವಳಗೊಂಡವರುಂಟು. ಆರಂಭದ ಪರೀಕ್ಷೆ ಮುಗಿಯುವವರೆಗೆ ಮಾತ್ರ ಆ ಕಟ್ಟು. ಬಳಿಕ ವ್ಯವಸ್ಥೆಯೇ ಅದನ್ನು ಸಡಿಲಿಸುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಗೊಂದಲವನ್ನುಂಟುಮಾಡುವುದು 'ರೂಟ್'. ಅಮರಕೋಶದ ನಾನಾರ್ಥವರ್ಗಕ್ಕೆ ಸೇರಿಸಬಹುದಾದಷ್ಟು ಅರ್ಥಗಳು ಇದಕ್ಕಿವೆ. ಲಿನಕ್ಸಿನಲ್ಲಿ ಸರ್ವಾಧಿಕಾರವುಳ್ಳ ಬಳಕೆದಾರನಿಗೆ ರೂಟ್ ಎಂದು ಹೆಸರು. ಆ ಅರ್ಥಕ್ಕೆ ಗ್ರಬ್ಬಿನಲ್ಲಿ ಎಡೆಯಿಲ್ಲ. ಮೆನುವಿನ ಒಂದು ಸಾಲನ್ನು 'ಇ' ಕೀಲಿಯಿಂದ ತೆರೆದು ನೋಡಿದರೆ ಉಳಿದ ಎರಡು ಅರ್ಥಗಳೂ ಒಂದೇ ತಾಣದಲ್ಲಿ ಸಿಕ್ಕುತ್ತವೆ. ಮೇಲ್ಗಡೆ 'ಸೆಟ್ ರೂಟ್=' ಎಂದೂ, ಕೆಳಗೆ ಲಿನಕ್ಸ್ ಸಾಲಿನೊಳಗೆ ಬರಿಯ 'ರೂಟ್=' ಎಂದೂ ಇರುತ್ತದೆ. ಇವೆರಡೂ ಒಂದೇ ಎಂದು ಬಗೆದು ಒಂದರ ಬೆಲೆಯನ್ನು ಇನ್ನೊಂದಕ್ಕೆ ಬರೆಯುವುದು ಸರ್ವಸಾಮಾನ್ಯವಾದ ತಪ್ಪು.

ಮೊದಲನೆಯದು ಗ್ರಬ್ಬಿನ ಸ್ವಂತ ನಿಯಮ. ಅದರ ಸ್ವಭಾವವನ್ನು ಸಂಸ್ಕೃತ ವ್ಯಾಕರಣದ ಅನುವೃತ್ತಿಯಿಂದ ಚೆನ್ನಾಗಿ ತಿಳಿಯಬಹುದು. ಅಧಿಕಾರಸೂತ್ರದಲ್ಲಿ ಒಮ್ಮೆ ಹೇಳಿದ ಪದವು ಮುಂದಿನ ಸೂತ್ರಗಳಲ್ಲಿ ಕಾಣಿಸದೆಯೇ ಕೂಡಿಕೊಳ್ಳುವಂತೆ, ರೂಟ್ ಎಂದು ಒಮ್ಮೆ ಗೊತ್ತುಮಾಡಿದ ಪಾರ್ಟಿಷನ್ನು ಮುಂದಿನ ಸಾಲುಗಳಲ್ಲಿ ಓರೆಗೆರೆಯಿಂದ ಮೊದಲಾಗುವ ಪ್ರತಿಯೊಂದು ವಿಳಾಸಕ್ಕೂ ತಾನಾಗಿ ಹಿಂದೆ ಸೇರುತ್ತದೆ. 'ಲಿನಕ್ಸ್ /ವಿಎಂಲಿನಜ಼್' ಎಂದು ಬರೆದಾಗ ಆ ಕಡತ ಯಾವ ಡಿಸ್ಕಿನದು, ಯಾವ ಪಾರ್ಟಿಷನ್ನಿನದು ಎಂದು ಸಾಲಿನಲ್ಲಿ ಎಲ್ಲಿಯೂ ಇಲ್ಲ. ಅದು ಅನುವೃತ್ತಿಯಿಂದ ಬರತಕ್ಕದ್ದು. ಅನುವೃತ್ತಿಯನ್ನು ತಪ್ಪಾಗಿ ಎಳೆದರೆ ಸೂತ್ರದ ಅರ್ಥ ಕೆಡುವ ಹಾಗೆಯೇ ಇಲ್ಲಿ ಕಡತ ಇದ್ದರೂ ಇಲ್ಲವೆಂಬ ಉತ್ತರ ಬರುವುದು. ವಿಳಾಸದ ಮೊದಲಿಗೆ ಆವರಣದಲ್ಲಿ ಪಾರ್ಟಿಷನ್ನಿನ ಹೆಸರನ್ನೇ ಬರೆದರೆ ಆ ಒಂದು ವಿಳಾಸಕ್ಕೆ ಮಾತ್ರ ಅನುವೃತ್ತಿ ನಿಲ್ಲುತ್ತದೆ. ಮೆನುವಿನ ಸಾಲುಗಳಲ್ಲಿ ಸೆಟ್ ರೂಟ್ ಆದ ಬಳಿಕ 'ಸರ್ಚ್' ಎಂಬ ಇನ್ನೊಂದು ಉದ್ದನೆಯ ಸಾಲು ಬರುವುದನ್ನು ಕೆಲವರು ಪುನರುಕ್ತಿಯೆಂದು ಭಾವಿಸಿ ಅಳಿಸುವುದುಂಟು. ಅದು ಪುನರುಕ್ತಿಯಲ್ಲ. ಮೊದಲ ಸಾಲು ಪಾರ್ಟಿಷನ್ನನ್ನು ಸಂಖ್ಯೆಯಿಂದ ಊಹಿಸುತ್ತದೆ. ಎರಡನೆಯದು ಯುಯುಐಡಿ ಎಂಬ, ಕಡತವ್ಯವಸ್ಥೆಯನ್ನು ಮಾಡಿದಾಗಲೇ ಅದಕ್ಕೆ ದತ್ತವಾದ ಗುರುತಿನಿಂದ ಹುಡುಕಿ, ಸಿಕ್ಕಿದರೆ ಮೊದಲ ಊಹೆಯನ್ನು ಬಾಧಿಸುತ್ತದೆ. ಪರವಿಧಿ ಬಲವತ್ತರವೆನ್ನುವವರಿಗೆ ಇದು ಒಪ್ಪಿಗೆಯಾಗದೆ ಹೋಗದು.

ಎರಡನೆಯ ರೂಟ್ ಗ್ರಬ್ಬಿಗೆ ಸಂಬಂಧಪಟ್ಟುದೇ ಅಲ್ಲ. ಅದು ಗ್ರಬ್ ತನಗೆ ಅರ್ಥವಾಗದಿದ್ದರೂ ಲಿನಕ್ಸಿಗೆ ಒಪ್ಪಿಸಬೇಕಾದ ಓಲೆಯೊಳಗಿನ ಮಾತು. ಓಲೆಕಾರನ ಭಾಷೆ ಒಂದು, ಓಲೆಯನ್ನು ಓದುವವನ ಭಾಷೆ ಇನ್ನೊಂದು. ಗ್ರಬ್ಬಿಗೆ ಮೊದಲ ಡಿಸ್ಕಿನ ಮೊದಲ ಪಾರ್ಟಿಷನ್ನು '(ಎಚ್‌ಡಿ0,ಎಂಎಸ್‌ಡಾಸ್1)'. ಅದೇ ಲಿನಕ್ಸಿಗೆ ಸಾಮಾನ್ಯವಾಗಿ '/ಡೆವ್/ಎಸ್‌ಡಿಎ1'. ಒಳಗಿನ ಓಲೆಯಲ್ಲಿ ಎಚ್‌ಡಿ0 ಎಂದು ಬರೆದರೆ ಗ್ರಬ್ ಆಕ್ಷೇಪಿಸುವುದಿಲ್ಲ, ಏಕೆಂದರೆ ಅದು ಓಲೆಯನ್ನು ಒಡೆದು ಓದುವುದೇ ಇಲ್ಲ. ಲಿನಕ್ಸ್ ಎದ್ದ ಮೇಲೆ ಆ ಹೆಸರು ತಿಳಿಯದೆ '(ಇನಿಟ್‌ರಾಮ್‌ಎಫ್‌ಎಸ್)' ಎಂಬಲ್ಲಿ ನಿಂತುಬಿಡುತ್ತದೆ.

ಮೇಲಿನ ಉದಾಹರಣೆಯಲ್ಲಿ ಡಿಸ್ಕಿಗೆ ಸೊನ್ನೆಯೂ ಪಾರ್ಟಿಷನ್ನಿಗೆ ಒಂದೂ ಇರುವುದನ್ನು ವಾಚಕರು ಗಮನಿಸಿರಬಹುದು. ಇದೇ ಹಿಂದೆ ಹೇಳಿದ ಪಾಠಾಂತರಗಳ ಮೂಲ. ಹಳೆಯ ಗ್ರಬ್ಬಿನಲ್ಲಿ ಎರಡನ್ನೂ ಸೊನ್ನೆಯಿಂದಲೇ ಎಣಿಸುತ್ತಿದ್ದರು. ಹೊಸತರಲ್ಲಿ ಡಿಸ್ಕನ್ನು ಸೊನ್ನೆಯಿಂದಲೂ ಪಾರ್ಟಿಷನ್ನನ್ನು ಒಂದರಿಂದಲೂ ಎಣಿಸುತ್ತಾರೆ. ಹೀಗಾಗಿ '(ಎಚ್‌ಡಿ0,1)' ಎಂಬ ಒಂದೇ ಪಾಠ ಹಳೆಯ ಪುಸ್ತಕದಲ್ಲಿ ಎರಡನೆಯ ಪಾರ್ಟಿಷನ್ನನ್ನೂ ಹೊಸದರಲ್ಲಿ ಮೊದಲನೆಯದನ್ನೂ ಹೇಳುತ್ತದೆ. ಹಳತರಲ್ಲಿ 'ಕರ್ನಲ್' ಎಂದಿದ್ದ ಆಜ್ಞೆ ಹೊಸತರಲ್ಲಿ 'ಲಿನಕ್ಸ್' ಆಯಿತು. 'ಟೈಟಲ್' ಇದ್ದಲ್ಲಿ 'ಮೆನುಎಂಟ್ರಿ' ಬಂದಿತು. ಮೆನುವಿನ ಕಡತವು 'ಮೆನು.ಎಲ್‌ಎಸ್‌ಟಿ' ಎಂಬ ಹೆಸರನ್ನು ಬಿಟ್ಟು 'ಗ್ರಬ್.ಸಿಎಫ್‌ಜಿ' ಆಯಿತು. ಕೈಯಲ್ಲಿರುವ ಬೋಧಪ್ರತಿ ಯಾವ ಕಾಲದ್ದೆಂದು ಗೊತ್ತುಮಾಡಲು ಇವೇ ಸಾಕು: ಅದರಲ್ಲಿ ಟೈಟಲ್, ಕರ್ನಲ್ ಎಂಬವು ಕಂಡರೆ ಹಳಗನ್ನಡದ ಪ್ರತಿಯಂತೆ ಬದಿಗಿರಿಸಿ, ಅದರ ಸಂಖ್ಯೆಗಳನ್ನು ಹೊಸದಕ್ಕೆ ತರಬಾರದು.

ಇನ್ನು ಪ್ರಯೋಗ. ಬೆಂಗಳೂರಿನ ಪಶ್ಚಿಮಭಾಗದಲ್ಲಿ ವಿಜಯನಗರಕ್ಕೆ ಹೊಂದಿಕೊಂಡಿರುವ ಹೊಸಹಳ್ಳಿಯಲ್ಲಿ, ನಮ್ಮ ಬೀದಿಯಲ್ಲೇ ವಾಸವಾಗಿರುವ ನಿವೃತ್ತ ಕನ್ನಡ ಅಧ್ಯಾಪಕಿಯೊಬ್ಬರು ವಚನಗಳ ಪದಸೂಚಿಯೊಂದನ್ನು ಹಲವು ವರ್ಷಗಳಿಂದ ಸಿದ್ಧಪಡಿಸುತ್ತಿದ್ದಾರೆ. ಅವರ ಯಂತ್ರದಲ್ಲಿ ವಿಂಡೋಸ್ ಒಂದು ಪಾರ್ಟಿಷನ್ನಿನಲ್ಲಿಯೂ ಲಿನಕ್ಸ್ ಇನ್ನೊಂದರಲ್ಲಿಯೂ ಇದ್ದು, ನಡುವೆ ಬಳಕೆಯಿಲ್ಲದ ಮೂರನೆಯದೊಂದು ಇತ್ತು. ಸ್ಥಳ ಉಳಿಯಲೆಂದು ಅವರು ವಿಂಡೋಸಿನಿಂದ ಆ ಮೂರನೆಯದನ್ನು ತೆಗೆದುಹಾಕಿದರು. ಮರುದಿನ ಬೆಳಗ್ಗೆ 'ಅಂತಹ ಪಾರ್ಟಿಷನ್ನಿಲ್ಲ' ಎಂಬ ಇಂಗ್ಲಿಷ್ ವಾಕ್ಯವೂ ಅದರ ಕೆಳಗೆ 'ಗ್ರಬ್ ರೆಸ್ಕ್ಯೂ>' ಎಂಬುದೂ ಮಾತ್ರ ತೆರೆಯ ಮೇಲೆ. ದುರಸ್ತಿಯ ಅಂಗಡಿಯ ಹುಡುಗ ಬಂದು ಒಂದೆರಡು ಆಜ್ಞೆಗಳನ್ನು ಕೊಟ್ಟು ನೋಡಿ, "ಮೇಡಂ, ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡುತ್ತೇನೆ" ಎಂದನಂತೆ. ಅವನನ್ನು ಒಂದು ದಿನ ತಡೆದು ಅವರು ನನಗೆ ಹೇಳಿಕಳುಹಿಸಿದರು.

ಅಂಗಡಿಯವನ ತೀರ್ಮಾನಕ್ಕೆ ಆಧಾರವಾದುದು 'ಅನ್‌ನೋನ್ ಫೈಲ್‌ಸಿಸ್ಟಮ್' ಎಂಬ ಉತ್ತರ. ಕಡತವ್ಯವಸ್ಥೆ ನನಗೆ ಅಪರಿಚಿತವೆಂದು ಅದರ ಅರ್ಥವೇ ಹೊರತು, ಕೆಟ್ಟಿತೆಂದಲ್ಲ. ಕೋರ್ ಎಂಬ ತುಣುಕಿಗೆ ಒಂದೆರಡು ವ್ಯವಸ್ಥೆಗಳು ಮಾತ್ರ ತಿಳಿದಿರುವುದೆಂದು ಮೇಲೆ ಹೇಳಿದೆಯಷ್ಟೆ. ವಿಂಡೋಸಿನ ಎನ್‌ಟಿಎಫ್‌ಎಸ್ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ. ಆದುದರಿಂದ ಆರೋಗ್ಯವಾಗಿರುವ ವಿಂಡೋಸ್ ಪಾರ್ಟಿಷನ್ನಿಗೂ ಅದು ಇದೇ ಉತ್ತರವನ್ನು ಕೊಡುತ್ತದೆ. ನಿಜವಾಗಿ ಕೆಟ್ಟಿದ್ದರೂ ಇದೇ ಮಾತು ಬರಬಹುದೆಂಬುದು ಸರಿ. ಆದರೆ ಎಲ್ಲ ಪಾರ್ಟಿಷನ್ನುಗಳನ್ನೂ ವಿಚಾರಿಸುವ ಮೊದಲು ಆ ತೀರ್ಮಾನಕ್ಕೆ ಬರುವುದು, ತನಗೆ ಲಿಪಿ ಬಾರದ ಶಾಸನವನ್ನು ಬರಿಯ ಕಲ್ಲೆಂದು ಮೆಟ್ಟಿಲಿಗೆ ಹಾಕಿಸಿದಂತೆ.

ರೆಸ್ಕ್ಯೂ ಶೆಲ್ಲಿಗೆ ತಿಳಿದ ಆಜ್ಞೆಗಳು ನಾಲ್ಕೇ: ಎಲ್‌ಎಸ್, ಸೆಟ್, ಅನ್‌ಸೆಟ್, ಇನ್ಸ್‌ಮಾಡ್. ಮೊದಲು ಬರಿಯ 'ಸೆಟ್' ಎಂದು ಕೇಳಿದೆವು. ಪ್ರಿಫಿಕ್ಸ್ '(ಎಚ್‌ಡಿ0,ಎಂಎಸ್‌ಡಾಸ್6)/ಬೂಟ್/ಗ್ರಬ್' ಎಂದು ಉತ್ತರ ಬಂದಿತು. ಬಳಿಕ ಬರಿಯ 'ಎಲ್‌ಎಸ್' ಎನ್ನಲು, ಇರುವ ಪಾರ್ಟಿಷನ್ನುಗಳು 5 ಮತ್ತು 1 ಮಾತ್ರವೆಂದು ತಿಳಿಯಿತು. ಕಾರಣವು ಅಲ್ಲಿಗೇ ವ್ಯಕ್ತವಾಯಿತು. ಹಳೆಯ ಕ್ರಮದ ಡಿಸ್ಕಿನಲ್ಲಿ ಒಳಪಾರ್ಟಿಷನ್ನುಗಳ ಎಣಿಕೆ 5ರಿಂದ ಮೊದಲಾಗುತ್ತದೆ. 5ನೆಯದನ್ನು ತೆಗೆದರೆ 6ನೆಯದು ಜರುಗಿ ತಾನೇ 5 ಎನಿಸಿಕೊಳ್ಳುತ್ತದೆ. ಮನೆಯೂ ಇದೆ, ಮನೆಯವರೂ ಇದ್ದಾರೆ. ಬದಲಾದುದು ಬಾಗಿಲಿನ ಸಂಖ್ಯೆ. 'ಎಲ್‌ಎಸ್ (ಎಚ್‌ಡಿ0,ಎಂಎಸ್‌ಡಾಸ್5)/' ಎಂದು ಕೇಳಲು ಬೂಟ್, ಹೋಮ್ ಮೊದಲಾದ ಹೆಸರುಗಳು ಸಾಲಾಗಿ ಬಂದುವು. ಕೊನೆಯ ಓರೆಗೆರೆಯನ್ನು ಬಿಡಬಾರದು: ಅದಿಲ್ಲದಿದ್ದರೆ ಎಲ್‌ಎಸ್ ಪಾರ್ಟಿಷನ್ನಿನ ಜಾತಿಯನ್ನು ಹೇಳುವುದೇ ಹೊರತು ಒಳಗಿರುವುದನ್ನು ಹೇಳದು. ಆ ಪಟ್ಟಿಯಲ್ಲಿ 'ಲಾಸ್ಟ್+ಫೌಂಡ್' ಎಂಬ ಹೆಸರನ್ನು ಕಂಡು ನಮ್ಮ ಅಧ್ಯಾಪಕಿಯವರ ಮುಖ ಬಾಡಿತು. ಕಳೆದುದೇನೂ ಇಲ್ಲ, ಈ ಜಾತಿಯ ಕಡತವ್ಯವಸ್ಥೆಯನ್ನು ಮಾಡಿದ ದಿನವೇ ಆ ಹೆಸರಿನ ಫೋಲ್ಡರು ಹುಟ್ಟಿಕೊಂಡಿರುತ್ತದೆ. ಇದಕ್ಕಿಂತ ಅಮಂಗಳವಲ್ಲದ ಹೆಸರನ್ನು ಇಡಬಹುದಾಗಿತ್ತು.

ಅನಂತರ ಕೊಟ್ಟ ಆಜ್ಞೆಗಳು ಇವು:

ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಎಂಎಸ್‌ಡಾಸ್5)/ಬೂಟ್/ಗ್ರಬ್
ಸೆಟ್ ರೂಟ್=(ಎಚ್‌ಡಿ0,ಎಂಎಸ್‌ಡಾಸ್5)
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

ಸಮಚಿಹ್ನೆಯ ಇಕ್ಕೆಲದಲ್ಲಿ ತೆರಪು ಬಿಡಕೂಡದು. ಬೂಟ್ ಎಂಬುದೇ ಪ್ರತ್ಯೇಕ ಪಾರ್ಟಿಷನ್ನಾಗಿರುವ ಯಂತ್ರಗಳಲ್ಲಿ ವಿಳಾಸವು ಬರಿಯ '/ಗ್ರಬ್' ಎಂದಾಗುವುದು. ಮೂರನೆಯ ಸಾಲಿನ ನಾರ್ಮಲ್ ಭಾಗದ ಹೆಸರು, ನಾಲ್ಕನೆಯ ಸಾಲಿನದು ಆಜ್ಞೆ. ಮೂರನೆಯದು ಒಪ್ಪಿಗೆಯಾಗುವವರೆಗೆ ನಾಲ್ಕನೆಯದು ಶೆಲ್ಲಿಗೆ ತಿಳಿದಿರುವುದಿಲ್ಲ. ಮೆನು ಎದ್ದುಬಂದಿತು. ಅದರ ಒಳಸಾಲಿನಲ್ಲಿ ಇನ್ನೂ ಹಳೆಯ 6 ಇದ್ದರೂ ಸರ್ಚ್ ಎಂಬ ಸಾಲು ಯುಯುಐಡಿಯಿಂದ ಅದನ್ನು ಸರಿಪಡಿಸಿಕೊಂಡಿತು. ಲಿನಕ್ಸ್ ಹೊರಟು ಪದಸೂಚಿ ತೆರೆಯಿತು. ಇಷ್ಟರಿಂದ ಮುಗಿಯುವುದಿಲ್ಲ. ಶೆಲ್ಲಿನಲ್ಲಿ ಹೇಳಿದುದೆಲ್ಲ ಯಂತ್ರವನ್ನು ಆರಿಸುವವರೆಗೆ ಮಾತ್ರ. ಲಿನಕ್ಸಿನೊಳಗಿನಿಂದ 'ಗ್ರಬ್-ಇನ್ಸ್ಟಾಲ್ /ಡೆವ್/ಎಸ್‌ಡಿಎ' ಎಂದೂ 'ಅಪ್‌ಡೇಟ್-ಗ್ರಬ್' ಎಂದೂ ಸರ್ವಾಧಿಕಾರಿಯ ಹಕ್ಕಿನಿಂದ ಕೊಟ್ಟಾಗಲೇ ಹೊಸ ವಿಳಾಸ ಡಿಸ್ಕಿನಲ್ಲಿ ಸ್ಥಿರವಾಗುವುದು. ಮೊದಲನೆಯದರಲ್ಲಿ ಹೇಳಬೇಕಾದುದು ಇಡಿಯ ಡಿಸ್ಕಿನ ಹೆಸರು, ಕೊನೆಗೆ ಅಂಕೆಯಿರುವ ಪಾರ್ಟಿಷನ್ನಿನ ಹೆಸರಲ್ಲ. ಯುಇಎಫ್‌ಐ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಜಾರಿಯಲ್ಲಿದ್ದರೆ ಇನ್ಸ್‌ಮಾಡ್ ನಿರಾಕೃತವಾಗಬಹುದು. ಅಂತಹ ಕಡೆ ಸ್ಥಾಪಕ ಮಾಧ್ಯಮದಿಂದಲೇ ಹೋಗತಕ್ಕದ್ದು.

ಶೆಲ್ಲಿನ ಮಾತು ಕ್ಷಣಿಕವೆಂಬುದು ಒಂದು ವಿಧದಲ್ಲಿ ದೊಡ್ಡ ಅಭಯ. 'ಇ' ಕೀಲಿಯಿಂದ ಮೆನುವಿನ ಸಾಲನ್ನು ತಿದ್ದಿ ಕಂಟ್ರೋಲ್-ಎಕ್ಸ್ ಒತ್ತಿ ಹೊರಟರೂ ಆ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ. ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಆಜ್ಞೆ ಗ್ರಬ್ಬಿನಲ್ಲಿ ಇಲ್ಲ. ಕಡತವನ್ನು ಅಳಿಸುವುದೂ ಇಲ್ಲ. ಪಾರ್ಟಿಷನ್ನಿನ ಗುರುತುಗಳನ್ನು ಬದಲಿಸುವ 'ಪಾರ್ಟ್‌ಟೂಲ್', ತನ್ನದೇ ಒಂದು ಸಣ್ಣ ನೆನಪಿನ ಕಡತದಲ್ಲಿ ಬರೆಯುವ 'ಸೇವ್‌ಎನ್ವ್' ಇಂತಹ ಒಂದೆರಡನ್ನು ಬಿಟ್ಟರೆ ಅದರ ಆಜ್ಞೆಗಳು ಓದುವುವೇ ಹೊರತು ಬರೆಯುವುವಲ್ಲ. ಇಲ್ಲಿ ತಪ್ಪು ಬರೆದುದಕ್ಕೆ ದಂಡವೆಂದರೆ ಒಂದು ಸಾಲಿನ ಆಕ್ಷೇಪಣೆ ಮಾತ್ರ. ಬರೆಹಗಳು ನಾಶವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ, ಭಯದಿಂದ ಸ್ಥಾಪಕ ಮಾಧ್ಯಮವನ್ನು ತಂದು ಹಚ್ಚಿದಾಗ.

ಅಲ್ಲಿಯೂ ಶಬ್ದಗಳದೇ ಕಾಟ. ಡೆಬಿಯನ್ನಿನ ಸ್ಥಾಪಕದಲ್ಲಿ 'ಗೈಡೆಡ್' ಎಂಬ ಸೌಮ್ಯಪದದಿಂದ ಮೊದಲಾಗುವ ಆಯ್ಕೆಯು 'ಇಡಿಯ ಡಿಸ್ಕನ್ನು ಬಳಸು' ಎಂದು ಮುಗಿಯುತ್ತದೆ, ಇದ್ದುದೆಲ್ಲವೂ ಹೋಗುವುದು. ಬೇಕಾದುದು ಅದೇ ಮಾಧ್ಯಮದ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗಿನ 'ರೆಸ್ಕ್ಯೂ ಮೋಡ್', ಅದರಲ್ಲಿ ಗ್ರಬ್ಬನ್ನು ಮರಳಿ ಸ್ಥಾಪಿಸುವ ಆಯ್ಕೆ. 'ಅಡ್ವಾನ್ಸ್ಡ್' ಎಂದರೆ ಪಂಡಿತರಿಗೆ ಮಾತ್ರ ಎಂದು ಹೆದರಿ ಸಾಮಾನ್ಯರು ಅತ್ತ ನೋಡುವುದಿಲ್ಲ. ಇದಕ್ಕಿಂತ ಅಪಾಯಕರವಾದುದು 'ರಿಕವರಿ'. ಗ್ರಬ್ ಮೆನುವಿನಲ್ಲಿ ಡೆಬಿಯನ್ನಿನ 'ರಿಕವರಿ ಮೋಡ್' ಎಂದರೆ ಅಲಂಕಾರಗಳಿಲ್ಲದೆ ಒಬ್ಬನೇ ಅಧಿಕಾರಿಗೆ ತೆರೆದ ಲಿನಕ್ಸ್. ಅದು ಕಳೆದ ಕಡತವನ್ನು ತಂದುಕೊಡದು, ಇದ್ದುದನ್ನು ಕೆಡಿಸದು. ಅಂಗಡಿಯಿಂದ ಕೊಂಡ ಅನೇಕ ಲ್ಯಾಪ್‌ಟಾಪುಗಳಲ್ಲಿ ತಯಾರಕರು ಇಟ್ಟ 'ರಿಕವರಿ' ಎಂದರೆ ಯಂತ್ರವನ್ನು ಮಾರಾಟದ ದಿನದ ಸ್ಥಿತಿಗೆ ತರುವುದು, ಎಂದರೆ ಅಂದಿನಿಂದ ಬರೆದುದೆಲ್ಲವನ್ನೂ ಕಳೆಯುವುದು. ವಿಂಡೋಸಿನ ರಿಕವರಿ ಪಾರ್ಟಿಷನ್ನನ್ನೂ ಗ್ರಬ್ ತನ್ನ ಮೆನುವಿನಲ್ಲಿ ಪಟ್ಟಿಮಾಡುವುದುಂಟಾದ್ದರಿಂದ, ಒಂದೇ ತೆರೆಯ ಮೇಲೆ ಒಂದೇ ಶಬ್ದ ಬೇರೆ ಬೇರೆ ಅರ್ಥಗಳಲ್ಲಿ ನಿಂತಿರುತ್ತದೆ. 2021ರ 2.06 ಆವೃತ್ತಿಯಿಂದೀಚೆಗೆ ಅನ್ಯವ್ಯವಸ್ಥೆಗಳನ್ನು ಹುಡುಕಿ ಪಟ್ಟಿಗೆ ಸೇರಿಸುವ ಕಾರ್ಯವನ್ನು ಗ್ರಬ್ ತಾನಾಗಿ ಮಾಡುವುದಿಲ್ಲ. ನಾವು ಅನುಮತಿ ಬರೆದಿಟ್ಟರೆ ಮಾತ್ರ ಮಾಡುತ್ತದೆ. ಹೊಸ ಆವೃತ್ತಿ ಬಂದ ಮರುದಿನ ಮೆನುವಿನಿಂದ ವಿಂಡೋಸ್ ಮಾಯವಾಯಿತೆಂದು ಕೇಳುವವರಿಗೆ ಇದೇ ಉತ್ತರ: ಹೆಸರು ಹೋಗಿದೆ, ವಸ್ತು ಹೋಗಿಲ್ಲ.

ಕನ್ನಡದ ಮಾತಿಗೆ ಬರೋಣ. ಡೆಬಿಯನ್ನಿನ ಸ್ಥಾಪಕದಲ್ಲಿ ಕನ್ನಡವೂ ಒಂದು ಭಾಷೆಯಾಗಿ ದೊರೆಯುತ್ತದೆ. ಒತ್ತಕ್ಷರಗಳನ್ನು ಬರಿಯ ಅಕ್ಷರರೂಪದ ತೆರೆ ಹೊಂದಿಸಿ ತೋರಲಾರದಾದ್ದರಿಂದ ಅದು ಚಿತ್ರರೂಪದ ಸ್ಥಾಪಕದಲ್ಲಿ ಮಾತ್ರ. ಆಜ್ಞಾಪದಗಳನ್ನು ಕನ್ನಡಿಸಲಾಗದು, ಕನ್ನಡಿಸಬೇಕಾದುದೂ ಇಲ್ಲ. ಸಂಸ್ಕೃತ ವ್ಯಾಕರಣದ ಸಂಜ್ಞೆಗಳನ್ನು ಕೇಶಿರಾಜನು ಕೈಗೊಂಡಂತೆ ಅವನ್ನು ಹಾಗೆಯೇ ತೆಗೆದುಕೊಳ್ಳಬಹುದು. ಆದರೆ ಮೆನುವಿನ ಸಾಲುಗಳನ್ನೂ ಬೋಧಪ್ರತಿಗಳನ್ನೂ ಕನ್ನಡಕ್ಕೆ ತರುವವರು ರೂಟ್ ಎಂಬುದಕ್ಕೆ ಎಲ್ಲೆಡೆಯೂ 'ಮೂಲ' ಎಂದು ಬರೆದರೆ ಇಂಗ್ಲಿಷಿನ ಗೊಂದಲವನ್ನು ಕನ್ನಡಕ್ಕೂ ಸಾಗಿಸಿದಂತಾಯಿತು. ಮಿಗಿಲಾಗಿ 'ಸೋರ್ಸ್' ಎಂಬುದಕ್ಕೂ ನಮ್ಮಲ್ಲಿ 'ಮೂಲ' ಎಂದೇ ರೂಢಿ. ಗ್ರಬ್ಬಿನ ರೂಟಿಗೆ 'ನೆಲೆ' ಎಂದೂ, ಲಿನಕ್ಸಿನ ಕಡತವೃಕ್ಷದ ರೂಟಿಗೆ 'ಬೇರು' ಎಂದೂ, ಸರ್ವಾಧಿಕಾರಿಯಾದ ರೂಟಿಗೆ 'ಒಡೆಯ' ಎಂದೂ ಮೂರು ಬೇರೆ ಶಬ್ದಗಳನ್ನು ಸೂಚಿಸುತ್ತೇನೆ. ಇವು ಅಚ್ಚಗನ್ನಡದವೆಂಬ ಅಭಿಮಾನದಿಂದಲ್ಲ. ಮೂರರಲ್ಲಿ ಯಾವುದನ್ನು ಕಂಡರೂ ಉಳಿದೆರಡರ ಭ್ರಾಂತಿ ಹುಟ್ಟದೆಂಬುದರಿಂದ. 'ರಿಕವರಿ ಮೋಡ್' ಎಂಬುದಕ್ಕೆ 'ಚೇತರಿಕೆ' ಎನ್ನುವುದಕ್ಕಿಂತ 'ದುರಸ್ತಿ ಪ್ರವೇಶ' ಎನ್ನುವುದೂ, ತಯಾರಕರ ರಿಕವರಿಗೆ 'ಎಲ್ಲವನ್ನೂ ಅಳಿಸಿ ಹೊಸದಾಗಿಸುವುದು' ಎಂದು ಉದ್ದವಾದರೂ ಬಿಚ್ಚಿ ಬರೆಯುವುದೂ ಮೇಲು. ನಮ್ಮ ಅಧ್ಯಾಪಕಿಯವರು 'ನೆಲೆ'ಯನ್ನು ಒಪ್ಪುತ್ತಾರೆ. 'ಒಡೆಯ' ಎಂಬುದಕ್ಕೆ ವಚನಗಳಲ್ಲಿ ಬೇರೆಯೇ ಗೌರವವಿರುವುದರಿಂದ ಅಲ್ಲಿ 'ಯಜಮಾನ' ಸಾಕೆಂದು ಅವರ ಮತ.